ಬಾಗಿಲಲ್ಲಿ ಹೇಳದ ಹೆಸರು

ಮೇಲೂರು
8 ಸೆಪ್ಟೆಂಬರ್ 2024

ಹರಿತಮ್ಮನಿಗೆ ಅಜ್ಜಿ ಮುನಿಗಂಗಮ್ಮ ಬರೆಯುವುದು.

ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ಎಲ್ಲರೂ ಕ್ಷೇಮವಾಗಿದ್ದಾರೆ, ನನ್ನೊಬ್ಬಳನ್ನು ಬಿಟ್ಟು. ನೆನ್ನೆ ಊಟಕ್ಕೆ ಕೂತಾಗ ನಾನು ನಿಮ್ಮಪ್ಪನನ್ನು ಉಪ್ಪು ಕೇಳಿದೆ. ಅವನು ತಟ್ಟೆ ನೋಡಿಕೊಂಡೇ, "ಹರಿತಾ ಡಿಸೆಂಬರ್ ರಜಾದಲ್ಲಿ ಲಕ್ಷದ್ವೀಪಕ್ಕೆ ಹೋಗ್ತಾಳಂತೆ ಕಣಮ್ಮ, ತಿಮಿಂಗಿಲ ನೋಡಕ್ಕೆ" ಅಂದ. ರಮೇಶ್‌ಬಾಬು ಸುಳ್ಳು ಹೇಳುವಾಗ ಮಾತ್ರ ತಟ್ಟೆ ನೋಡುತ್ತಾನೆ. ಹೆತ್ತವಳಿಗೆ ಅಷ್ಟು ಗೊತ್ತಾಗುವುದಿಲ್ಲವೇ? ನಿಮ್ಮಮ್ಮ ಭಾನುಪ್ರಿಯಾ ಪಾತ್ರೆ ತೊಳೆಯಲು ಎದ್ದುಹೋದಳು. ಪಾತ್ರೆಯಲ್ಲಿ ಇನ್ನೂ ಸಾರಿತ್ತು.

ಚಿಕ್ಕಬಳ್ಳಾಪುರದಲ್ಲಿ ರೂಮು ಮಾಡಿಕೊಂಡು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡು ಎಂದು ಕಳಿಸಿದರೆ, ನೀನು ಸಮುದ್ರಕ್ಕೆ ಹೊರಟಿದ್ದೀಯ. ಮೀನು ನೋಡಬೇಕಾದರೆ ಚಿಂತಾಮಣಿ ಸಂತೆಗೆ ಹೋಗು. ಬೇಕಾದಷ್ಟು ಬಿದ್ದಿರುತ್ತದೆ, ಕಣ್ಣು ಬಿಟ್ಟುಕೊಂಡು.

ತಿಮಿಂಗಿಲ ಎಂದರೆ ಏನೂ ಗೊತ್ತಿಲ್ಲದವಳು ಎಂದುಕೊಳ್ಳಬೇಡ. ಟೀವಿಯಲ್ಲಿ ತೋರಿಸುತ್ತಾರೆ. ಅದರ ವಾಂತಿಯನ್ನು ಕಳ್ಳತನದಲ್ಲಿ ಮಾರುತ್ತಾರಂತೆ. ಹೋದ ವಾರವೂ ಮೂವರನ್ನು ಹಿಡಿದು, ಮುಖಕ್ಕೆ ಕರೀ ಬಟ್ಟೆ ಹಾಕಿ ಕೂರಿಸಿದ್ದರು. ನಿನ್ನನ್ನು ಯಾರು ಕರೆದುಕೊಂಡು ಹೋಗುತ್ತಿದ್ದಾರೆ? ಬರುವಾಗ ನಿನ್ನ ಬ್ಯಾಗಿನಲ್ಲಿ ಏನು ಇಟ್ಟು ಕಳಿಸುತ್ತಾರೆ? ಇದಕ್ಕೆ ಉತ್ತರ ಬೇಕು.

ಇನ್ನೊಂದು. ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ನನ್ನ ಆಧಾರ್ ಕಾರ್ಡು ನೀನು ಬಂದುಹೋದ ದಿನದಿಂದ ಕಾಣಲಿಲ್ಲ. ಆಮೇಲೆ ತಾನಾಗಿಯೇ ಬಂದು ಕೂತಿದೆ, ಆದರೆ ತಲೆಕೆಳಗಾಗಿ. ನಾನು ತಲೆಕೆಳಗೆ ಇಡುವವಳಲ್ಲ. ಅದೇ ದಿನ ನೀನು ನನ್ನನ್ನು ಸುಣ್ಣದ ಗೋಡೆಗೆ ನಿಲ್ಲಿಸಿ, "ಅಜ್ಜಿ, ಕಿವಿ ಕಾಣ್ಬೇಕು, ಸೆರಗು ಸರಿಸು" ಎಂದು ಫೋಟೋ ತೆಗೆದೆ. ಪ್ರೀತಿಗೆ ತೆಗೆಯುವ ಫೋಟೋದಲ್ಲಿ ಕಿವಿ ಯಾಕೆ ಕಾಣಬೇಕು?

ಫೋನಿನಲ್ಲಿ ಹೇಳಬೇಡ. ಇಲ್ಲಿ ಎಲ್ಲರಿಗೂ ಕಿವಿ ಉದ್ದ. ಮೂರನೇ ಕ್ಲಾಸಿನ ತನಕ ಕಲಿತ ಅಕ್ಷರ ಸಾಯಲಿಕ್ಕೆ ಮೊದಲು ಒಮ್ಮೆ ಕೆಲಸಕ್ಕೆ ಬರಲಿ. ಈ ಕವರನ್ನು ರಾಗಿಮುದ್ದೆಯಿಂದ ಅಂಟಿಸಿದ್ದೇನೆ. ಮುದ್ದೆ ಬಿಟ್ಟುಕೊಂಡಿದ್ದರೆ ಯಾರೋ ಬಿಚ್ಚಿ ಓದಿದ್ದಾರೆ ಎಂದು ತಿಳಿ.

ನಿಮ್ಮಪ್ಪ ನಾನು ಹೂಂ ಅನ್ನದೆ ನಿನ್ನನ್ನು ಕಳಿಸುವವನಲ್ಲ. ನಾನು ಹೂಂ ಅಂದಿಲ್ಲ.

ಕಣ್ಣು ಇನ್ನೂ ಚೆನ್ನಾಗಿ ಕಾಣುವ,
ನಿನ್ನ ಅಜ್ಜಿ


ಚಿಕ್ಕಬಳ್ಳಾಪುರ
17 ಸೆಪ್ಟೆಂಬರ್ 2024

ಪ್ರೀತಿಯ ಅಜ್ಜಿ,

ಮುದ್ದೆ ಬಿಟ್ಟುಕೊಂಡಿರಲಿಲ್ಲ. ಚಾಕು ಹಾಕಿ ಬಿಚ್ಚಬೇಕಾಯಿತು, ಕವರೇ ಹರಿದುಹೋಯಿತು.

ನನ್ನನ್ನು ಯಾರೂ ಕರೆದುಕೊಂಡು ಹೋಗುತ್ತಿಲ್ಲ. ನಾನೂ ನಮ್ಮ ಶಾಲೆಯ ಚೈತ್ರಾಳೂ ಹೋಗುತ್ತಿರುವುದು. ಕೊಚ್ಚಿಯಿಂದ ಹಡಗು, ಅಲ್ಲಿಂದ ಸಣ್ಣ ದೋಣಿ. ನೀಲಿ ತಿಮಿಂಗಿಲ ಮೀನಲ್ಲ ಅಜ್ಜಿ, ಮರಿ ಹಾಕಿ ಹಾಲು ಕುಡಿಸುವ ಪ್ರಾಣಿ. ಭೂಮಿಯ ಮೇಲೆ ಅದಕ್ಕಿಂತ ದೊಡ್ಡ ಜೀವವಿಲ್ಲ. ಆ ಕಡೆಯ ನೀರಿನಲ್ಲಿ ಅದು ಕಾಣುವುದು ಬಹಳ ಅಪರೂಪ. ಹೋದರೂ ಕಾಣದೆ ಇರಬಹುದು. ಏಳನೇ ಕ್ಲಾಸಿನ ಪಾಠದಲ್ಲಿ ಪ್ರತಿ ವರ್ಷ ಅದರ ಚಿತ್ರ ಬರೆಯುತ್ತೇನೆ. ಬೋರ್ಡು ಸಾಲುವುದಿಲ್ಲ, ಬಾಲ ಪಕ್ಕದ ಗೋಡೆಗೆ ಹೋಗುತ್ತದೆ.

ವಾಂತಿ ವಿಷಯ ಬಿಟ್ಟುಬಿಡು. ನನಗೆ ಬಸ್ಸಿನಲ್ಲಿ ಬರುವುದೇ ಸಾಕು.

ಒಂದು ಕೇಳುತ್ತೇನೆ. ನಾನು ಚಿಕ್ಕವಳಿದ್ದಾಗ ನೀನು ಹುಳದ ಮನೆಯಲ್ಲಿ ನನ್ನನ್ನು ಪಕ್ಕಕ್ಕೆ ಹಾಕಿಕೊಂಡು, ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳಿಸುತ್ತಿದ್ದೆ. "ಸಮುದ್ರ ಹಿಂಗೇ ಸದ್ದು ಮಾಡ್ತದೆ" ಎನ್ನುತ್ತಿದ್ದೆ. ನೀನು ಸಮುದ್ರ ನೋಡಿದ್ದೀಯಾ?

ಆಧಾರ್ ಕಾರ್ಡಿನ ವಿಷಯ ದೀಪಾವಳಿ ಕಳೆಯಲಿ, ಹೇಳುತ್ತೇನೆ. ಅಲ್ಲಿಯವರೆಗೆ ನನ್ನನ್ನು ನಂಬು.

ನಿನ್ನ
ಹರಿತಾ


ಮೇಲೂರು
4 ಅಕ್ಟೋಬರ್ 2024

ಹರಿತಮ್ಮನಿಗೆ,

ನಂಬು ಎಂದು ಬರೆದಿದ್ದೀಯ. ನಂಬಬೇಕಾದವರು ಯಾರೂ ಹಾಗೆ ಕೇಳಿಕೊಳ್ಳುವುದಿಲ್ಲ.

ಮೀನಲ್ಲ ಅನ್ನುತ್ತೀಯ, ನೀರಿನಲ್ಲಿರುತ್ತದೆ ಅನ್ನುತ್ತೀಯ, ಹಾಲು ಕೊಡುತ್ತದೆ ಅನ್ನುತ್ತೀಯ. ಹಾಗಾದರೆ ಕರೆದುಕೊಂಡು ಬಾ, ಡೈರಿಗೆ ಹಾಕೋಣ. ಇಷ್ಟು ದೂರ ಹೋಗಿಯೂ ಅದು ಕಾಣದೆ ಇರಬಹುದಂತೆ! ಕಾಣದ್ದನ್ನು ನೋಡಲು ಹೋಗುವವರು ಬೇರೆ ಏನನ್ನೋ ನೋಡಲು ಹೋಗುತ್ತಾರೆ. ಚೈತ್ರಾ ಯಾರ ಮಗಳು ಎಂದು ಪಕ್ಕದ ಮನೆ ಅಮ್ಮಾಜಮ್ಮನ ಕೈಲಿ ಅವಳ ಊರು ಚಿಂತಾಮಣಿಯಲ್ಲಿ ವಿಚಾರಿಸಿದ್ದೇನೆ. ಒಳ್ಳೆಯ ಮನೆತನವೇ. ಅದಕ್ಕೇ ನನಗೆ ಇನ್ನೂ ಅನುಮಾನ.

ಸಮುದ್ರ ನಾನು ನೋಡಿಲ್ಲ. ತಿರುಪತಿಯಿಂದ ಆಚೆಗೆ ಹೋದವಳಲ್ಲ. ಹುಳು ಬಿಟ್ಟು ಎಲ್ಲಿಗೆ ಹೋಗಲಿ? ನಮ್ಮತ್ತೆ ಹಾಗೆ ಹೇಳುತ್ತಿದ್ದರು, ನಾನು ನಿನಗೆ ಹೇಳಿದೆ. ಅವರೂ ನೋಡಿರಲಿಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಮಹಾಲಯ ಅಮಾವಾಸ್ಯೆಗೆ ಬಂದವಳು ಎಡೆಯ ಮುಂದೆ ಕೂತು ನನ್ನನ್ನು ಏನೇನು ಕೇಳಿದೆ, ನೆನಪಿಸಿಕೋ. "ಅಜ್ಜಿ, ಮೆಟ್ಟಿಲು ಹತ್ತಿದ್ರೆ ಮಂಡಿ ನೋಯ್ತದಾ? ಮನೆ ಬಿಟ್ಟು ಬೇರೆ ಕಡೆ ಮಲಗಿದ್ರೆ ನಿದ್ದೆ ಬರ್ತದಾ? ಬೇರೆಯವ್ರು ಮಾಡಿದ ಅಡುಗೆ ತಿಂತೀಯಾ?" ಮಾರನೇ ದಿನ ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋಗಿ ಬಿ.ಪಿ., ಸಕ್ಕರೆ, ಎದೆ, ಕಣ್ಣು ಎಲ್ಲ ನೋಡಿಸಿದೆ. ಡಾಕ್ಟರು, "ಕಲ್ಲು ಹಂಗಿದ್ದಾರೆ" ಎಂದಾಗ ನಿನ್ನ ಮುಖ ಅರಳಿತು. ಸಂತೆಯಲ್ಲಿ ಎಮ್ಮೆ ಹಲ್ಲು ನೋಡಿದವರ ಮುಖವೂ ಹಾಗೇ ಅರಳುತ್ತದೆ.

ಅದರ ಮೇಲೆ ನಿಮ್ಮಪ್ಪ, "ಡಿಸೆಂಬರಿಗೆ ಹುಳು ತರೋದು ಬೇಡಮ್ಮ, ಈ ವರ್ಷ ಚಳಿ ಜಾಸ್ತಿ" ಅನ್ನುತ್ತಾನೆ. ನಾನು ಈ ಮನೆಗೆ ಬಂದಾಗಿನಿಂದ ಚಳಿ ಇದೆ. ಹುಳದ ಮನೆ ಬೆಚ್ಚಗಿಡಲು ಕೆಂಡದ ಬಾಂಡ್ಲಿಯೂ ಇದೆ. ಒಂದು ಬೆಳೆಯನ್ನೂ ಬಿಟ್ಟವರಲ್ಲ ನಾವು.

ಎಲ್ಲ ಕೂಡಿಸಿ ನೋಡಿದೆ. ನೀನು ತಿಮಿಂಗಿಲದ ಹೆಸರು ಹೇಳಿ ಅತ್ತ ಹೋಗುತ್ತೀಯ. ಇತ್ತ ಇವರು ಹುಳದ ಮನೆ ಖಾಲಿ ಮಾಡಿ, ನನ್ನನ್ನು ಯಾವುದೋ ವೃದ್ಧಾಶ್ರಮಕ್ಕೆ ಸೇರಿಸುತ್ತಾರೆ. ಕಿವಿ ಕಾಣುವ ಫೋಟೋ ಅಲ್ಲಿಗೇ. ನೀನು ಎದುರಿಗಿದ್ದರೆ ಅಳುತ್ತೀಯ, ಅದಕ್ಕೇ ನಿನ್ನನ್ನು ಸಮುದ್ರಕ್ಕೆ ಕಳಿಸುತ್ತಿದ್ದಾರೆ. ಇಲ್ಲವೇ ನೀನೂ ಅವರ ಜೊತೆಯೇ. ಎರಡರಲ್ಲಿ ಯಾವುದು, ನಿನ್ನ ಬಾಯಿಂದಲೇ ಬರಲಿ.

ನಿಮ್ಮಪ್ಪನಿಗೆ ಹೇಳಿಬಿಟ್ಟಿದ್ದೇನೆ. ಹರಿತಾ ಹೋಗುವಂತಿಲ್ಲ. ಅವನು ತಟ್ಟೆ ನೋಡಿದ.

ಹುಳು ಬಿಟ್ಟು ಎಲ್ಲಿಗೂ ಹೋಗದ,
ಮುನಿಗಂಗಮ್ಮ


ಮೇಲೂರು
26 ಅಕ್ಟೋಬರ್ 2024

ಹರಿತಮ್ಮನಿಗೆ,

ನಿನ್ನಿಂದ ಉತ್ತರವಿಲ್ಲ. ಇರಲಿ. ನಾನೇ ಒಂದು ಸುದ್ದಿ ಬರೆಯುತ್ತೇನೆ, ಓದಿ ನಗು.

ಮೊನ್ನೆ ಗುರುವಾರ ಹುಳು ಹಣ್ಣಾಗಿದ್ದವು. ಮೈ ಹಳದಿಯಾಗಿ, ಸೊಪ್ಪು ಬಿಟ್ಟು, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಎಲ್ಲರೂ ಒಳಗೆ ಹುಳು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ನಾನು ಬಾಗಿಲು ಕಾಯಲು ಕೂತೆ. ಈ ಮನೆಯ ಕಟ್ಟು ನಿನಗೆ ಗೊತ್ತೇ ಇದೆ. ಹುಳು ಹಣ್ಣಾದ ದಿನ ಹೊಸಬರು ಒಳಗೆ ಬರಬಾರದು, ಬಾಗಿಲಿಗೆ ಬಂದವರಿಗೆ ಮನೆಯವರ ಹೆಸರನ್ನೂ ಹೇಳಬಾರದು. ಹೆಸರು ಹೇಳಿದರೆ ದೃಷ್ಟಿ ಒಳಗೆ ಬಂದಂತೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಜನಗಣತಿಯವಳಿಗೆ ನೀನು ಗಿಣಿಯ ಹಾಗೆ ಎಲ್ಲರ ಹೆಸರು ಒಪ್ಪಿಸಿ ನನ್ನ ಕೈಲಿ ಏಟು ತಿಂದದ್ದು ಮರೆತಿರಲಾರೆ.

ಮಧ್ಯಾಹ್ನ ಒಬ್ಬ ಬೈಕಿನಲ್ಲಿ ಬಂದ. ಚೌಕಳಿ ಅಂಗಿ, ಕಂಕುಳಲ್ಲಿ ಫೈಲು. ಇಳಿಯುತ್ತಲೇ, "ಏಮ್ಮಾ, ಇಕ್ಕಡ ಮುನಿಗಂಗಮ್ಮ ಎವುರು?" ಎಂದು ತೆಲುಗಿನಲ್ಲಿ ನನ್ನನ್ನೇ ಯಾರೆಂದು ಕೇಳಿದ.

ನನಗೆ ತಕ್ಷಣ ಹೊಳೆಯಿತು. ಜಮೀನು ಬ್ರೋಕರ್. ಪಹಣಿಯಲ್ಲಿರುವುದು ನನ್ನ ಹೆಸರು. ನಮ್ಮ ಸೊಪ್ಪಿನ ತೋಟದ ಮೇಲೆ ಕಣ್ಣು ಹಾಕಿ ವಾರಕ್ಕೊಬ್ಬ ಬರುತ್ತಾನೆ. ಮನೆಯವರೇ ಇವನನ್ನು ಕರೆಸಿರಬೇಕು.

"ಯಾಕಪ್ಪಾ?" ಅಂದೆ.

"ಅವ್ರನ್ನೇ ನೋಡ್ಬೇಕಮ್ಮ. ಆಧಾರ್ ತೋರಿಸ್ಬೇಕು, ಒಂದು ಸಹಿ ಹಾಕ್ಬೇಕು."

"ಸತ್ತೋದ್ಲು" ಅಂದೆ.

ಅವನು ಫೈಲು ನೋಡಿದ, ನನ್ನನ್ನು ನೋಡಿದ. "ಯಾವಾಗಮ್ಮಾ?"

"ಆಯ್ತು, ಆರು ತಿಂಗಳು. ತಿಥಿ ಮಾಡಿ, ವಡೆ ತಿಂದು, ಎಲ್ರೂ ಮರೆತೂಬಿಟ್ರು. ಬಾಯಿ ಜೋರು ಮುಂಡೇದು, ಹೋಗಿದ್ದೇ ಒಳ್ಳೇದಾಯ್ತು."

"ಅಯ್ಯೋ ಪಾಪ" ಎಂದು ಟೋಪಿ ಇಲ್ಲದ ತಲೆ ಮುಟ್ಟಿಕೊಂಡು, ಏನೋ ಗೀಚಿಕೊಂಡು ಹೋದ. ಬ್ರೋಕರಿಗೂ ಅಷ್ಟು ಮರ್ಯಾದೆ ಇದೆ ಎಂದು ಅವತ್ತೇ ನನಗೆ ಗೊತ್ತಾದದ್ದು.

ಒಳಗೆ ಬಂದು ಯಾರಿಗೂ ಹೇಳಲಿಲ್ಲ. ಬ್ರೋಕರ್ ಬರಲಿಲ್ಲವಲ್ಲ ಎಂದು ಯಾರು ಮೊದಲು ಚಡಪಡಿಸುತ್ತಾರೋ ನೋಡಬೇಕು ಎಂದು ಕಾಯುತ್ತಿದ್ದೇನೆ. ಗೂಡು ಚೆನ್ನಾಗಿ ಕಟ್ಟಿವೆ, ಬಿಳೀ ಮಲ್ಲಿಗೆ ಮೊಗ್ಗಿನ ಹಾಗೆ.

ಸತ್ತೂ ಬಾಗಿಲು ಕಾಯುವ,
ನಿನ್ನ ಅಜ್ಜಿ


ಚಿಕ್ಕಬಳ್ಳಾಪುರ
11 ನವೆಂಬರ್ 2024

ಅಜ್ಜಿ,

ನೀನು ಯಾವಾಗ ಸತ್ತೆ?

ಚೌಕಳಿ ಅಂಗಿಯವರು ಬ್ರೋಕರ್ ಅಲ್ಲ. ಪೊಲೀಸು, ಹೆಸರು ಚಲಪತಿ. ಅವತ್ತು ಯೂನಿಫಾರ್ಮಿನಲ್ಲಿರಲಿಲ್ಲ, ಅಷ್ಟೇ. ಶುಕ್ರವಾರ ನನಗೆ ಫೋನ್ ಮಾಡಿ ತಾವು ಬರೆದು ಕಳಿಸಿದ್ದನ್ನು ಓದಿ ಹೇಳಿದರು: "ಸದರಿ ಮುನಿಗಂಗಮ್ಮನವರು ಮೃತಪಟ್ಟಿರುವುದಾಗಿ ಮನೆಯ ಬಾಗಿಲಲ್ಲಿದ್ದ ವೃದ್ಧೆಯೊಬ್ಬರು ತಿಳಿಸಿರುತ್ತಾರೆ." ಓದಿ ಮುಗಿಸಿ, "ನಿಮ್ಮ ಅಜ್ಜಿಯ ಆತ್ಮಕ್ಕೆ ಶಾಂತಿ ಸಿಗಲಿ ಮೇಡಂ" ಅಂದರು. ನಾನು ಸ್ಟಾಫ್ ರೂಮಿನಲ್ಲಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಚೈತ್ರಾಳ ಕೈಗೆ ಫೋನ್ ಕೊಟ್ಟುಬಿಟ್ಟೆ.

ಲಕ್ಷದ್ವೀಪಕ್ಕೆ ಹೋಗಲು ಪರವಾನಗಿ ಬೇಕು ಅಜ್ಜಿ. ಅದಕ್ಕೆ ಮೊದಲು ಹೋಗುವವರ ಮನೆಗೆ ಪೊಲೀಸಿನವರು ಬಂದು ವಿಚಾರಿಸುತ್ತಾರೆ. ನಾನೂ ಚೈತ್ರಾಳೂ ಚಿಕ್ಕಬಳ್ಳಾಪುರದ ವಿಳಾಸ ಕೊಟ್ಟಿದ್ದರಿಂದ ನಮ್ಮ ವಿಚಾರಣೆ ಇಲ್ಲೇ ಮುಗಿಯಿತು. ಮೇಲೂರಿಗೆ ಅವರು ಬಂದದ್ದು ಮೂರನೆಯವರನ್ನು ನೋಡಲು.

ಮೂರನೆಯವರು ನೀನು.

ಕಿವಿ ಕಾಣುವ ಫೋಟೋ, ಆಧಾರ್, ಮಂಡಿ, ಡಾಕ್ಟರು, ಡಿಸೆಂಬರಿನಲ್ಲಿ ಹುಳು ಬೇಡ ಎಂದದ್ದು, ಎಲ್ಲವೂ ಅದಕ್ಕೇ. ಮೊದಲೇ ಹೇಳಿದ್ದರೆ ಹುಳು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿಯುತ್ತಿದ್ದೆ. ಎಲ್ಲ ಕೈಗೆ ಬಂದ ಮೇಲೆ ದೀಪಾವಳಿಯ ದಿನ ನಿನ್ನ ಮುಂದೆ ಇಡೋಣ, ಆಗ ಬೇಡ ಅನ್ನಲಾರಳು ಎಂದು ಅಪ್ಪನೂ ನಾನೂ ಮಾತಾಡಿಕೊಂಡಿದ್ದೆವು. ದೀಪಾವಳಿಗೆ ಬಂದಾಗ ಎರಡು ಸಲ ಬಾಯಿಗೆ ಬಂತು. ಇನ್ನೂ ಪರವಾನಗಿ ಬಂದಿರಲಿಲ್ಲ, ನಿನ್ನ ಬ್ರೋಕರ್ ಕಾಗದವೂ ಆಗ ಕೈಗೆ ಸಿಕ್ಕಿರಲಿಲ್ಲ, ಸುಮ್ಮನಾದೆ.

ನಿನ್ನ ಕೇಳದೆ ನಿನ್ನ ಕಾರ್ಡು ತೆಗೆದುಕೊಂಡದ್ದು ತಪ್ಪು. ಅದಕ್ಕೆ ಬೈ. ಆದರೆ ವೃದ್ಧಾಶ್ರಮ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ಉತ್ತರ ಬರೆಯಲು ಕೈ ಬರಲಿಲ್ಲ.

ಹರಿತಾ


ಮೇಲೂರು
1 ಡಿಸೆಂಬರ್ 2024

ಹರಿತಮ್ಮನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಹುಳು ಜ್ವರ ಬಂದು ಮೇಯದೆ ಮಲಗಿದ್ದವು, ಪೊರೆ ಬಿಡುವ ತನಕ ಬಿಡುವಿರಲಿಲ್ಲ ಎಂದು ನೆಪ ಬರೆಯಬಹುದಿತ್ತು. ಆದರೆ ಈ ತಿಂಗಳು ಮನೆಯಲ್ಲಿ ಹುಳುವೇ ಇಲ್ಲ ಎಂದು ನಿನಗೂ ಗೊತ್ತು. ಹುಳದ ಮನೆ ಗುಡಿಸಿ, ಸುಣ್ಣ ಹೊಡೆದು, ಬಾಗಿಲು ಹಾಕಿದ್ದಾರೆ. ನಾನು ಅದರ ಜಗುಲಿಯ ಮೇಲೆ ಕೂತು ಬರೆಯುತ್ತಿದ್ದೇನೆ.

ನಿಮ್ಮಪ್ಪನನ್ನು ಕರೆದುಕೊಂಡು ಠಾಣೆಗೆ ಹೋಗಿದ್ದೆ. ಸಾಕ್ಷಿಗೆ ಇರಲಿ ಎಂದು ಅಮ್ಮಾಜಮ್ಮನನ್ನೂ ಎಳೆದುಕೊಂಡು ಹೋದೆ. ಚಲಪತಿ ನನ್ನನ್ನು ನೋಡಿದವನೇ ಎದ್ದು ನಿಂತ.

"ಅಜ್ಜೀ, ಅವತ್ತು ಮುನಿಗಂಗಮ್ಮ ಸತ್ತೋದ್ಲು ಅಂದಿದ್ದು ನೀವೇ ಅಲ್ವಾ?"

"ನಾನೇ."

"ಹಂಗಾದ್ರೆ ಈಗ ನೀವ್ಯಾರು?"

"ಮುನಿಗಂಗಮ್ಮ."

"ಸರಿಹೋಯ್ತು. ನಾಳೆ ಬಂದು ಇನ್ನೇನಂತೀರೋ!"

ಅಮ್ಮಾಜಮ್ಮ ಮುಂದೆ ಬಂದು, "ಇವ್ಳೇ ಸಾರ್ ಮುನಿಗಂಗಮ್ಮ. ಸತ್ತಿದ್ರೆ ನಮ್ಮ ಬೀದಿ ಇಷ್ಟು ಗಲಾಟೆ ಇರ್ತಿತ್ತಾ?" ಅಂದಳು. ಠಾಣೆಗೆ ಠಾಣೆಯೇ ನಕ್ಕಿತು. ನನಗೆ ನಗು ಬರಲಿಲ್ಲ. ವೃದ್ಧೆ ಎಂದು ಯಾಕೆ ಬರೆದೆ ಎಂದು ಕೇಳಿದೆ. "ಇನ್ನೇನಂತ ಬರೀಲಿ ತಾಯೀ" ಅಂದ. ಒಳ್ಳೆಯ ಹುಡುಗ. ಕಾಫಿ ತರಿಸಿಕೊಟ್ಟ. ಆದರೂ ಅವನು ಕುಡಿದ ಮೇಲೆ ನಾನು ಕುಡಿದೆ.

ನಾನು ಬದುಕಿದ್ದೇನೆ ಎಂದು ಬರೆದುಕೊಂಡಿದ್ದಾರೆ. ಆದರೆ ಪರವಾನಗಿಗೆ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕಂತೆ. ನಿಮ್ಮ ಹಡಗು ಹೊರಡುವುದರೊಳಗೆ ಅದು ಆಗುವುದಿಲ್ಲ. ಬರುವಾಗ ಬಸ್ಸಿನಲ್ಲಿ ನಿಮ್ಮಪ್ಪ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ನೋಡಿದರೆ ಭಾನುಪ್ರಿಯಾ ನನಗೆಂದು ಉಲ್ಲನ್ ಸ್ವೆಟರ್ ತಂದು, ಹೇಳದೆ ಬೀರುವಿನಲ್ಲಿ ಮುಚ್ಚಿಟ್ಟಿದ್ದಾಳೆ. ಸಮುದ್ರದ ಗಾಳಿಗೆ ಎಂದಳು. ನನಗಾಗದು ಎಂದು ವಾಪಸು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ನೀನು ಹೋಗಿ ಬಾ. ನಾನು ಹೂಂ ಅಂದಿದ್ದೇನೆ, ನಿಮ್ಮಪ್ಪನ ಮುಂದೆಯೇ ಅಂದಿದ್ದೇನೆ. ಕಡ್ಲೆಬೀಜದ ಉಂಡೆ ಕಳಿಸುತ್ತಿದ್ದೇನೆ. ದೋಣಿಯಲ್ಲಿ ನನ್ನ ಜಾಗಕ್ಕೆ ಬೇರೆ ಯಾರನ್ನೂ ಹತ್ತಿಸಬೇಡ. ಚೀಲ ಇಡು.

ಆ ಪ್ರಾಣಿ ಕಂಡರೆ ಸರಿಯಾಗಿ ನೋಡು. ದೋಣಿಯವರು ಬೇರೆ ಏನನ್ನೋ ತೋರಿಸಿ ಅದೇ ಇದು ಅಂದಾರು.

ಬದುಕಿರುವ,
ಮುನಿಗಂಗಮ್ಮ


ಕೊಚ್ಚಿ
2 ಜನವರಿ 2025

ಅಜ್ಜಿ,

ಈಗ ತಾನೇ ಹಡಗಿನಿಂದ ಇಳಿದೆವು. ನೆಲ ಇನ್ನೂ ತೂಗುತ್ತಿದೆ.

ಕಾಣಲಿಲ್ಲ. ದಿನಾ ಬೆಳಗಾಗುವ ಮೊದಲೇ ದೋಣಿ ಹತ್ತಿ, ಬಿಸಿಲು ನೆತ್ತಿಗೇರುವ ತನಕ ನೀರು ನೋಡಿದೆವು. ಡಾಲ್ಫಿನ್‌ಗಳು ಬಂದು ಕುಣಿದು ಹೋದವು. ಒಮ್ಮೆ ದೂರದಲ್ಲಿ ಕಪ್ಪು ಬೆನ್ನು ಕಂಡು ಚೈತ್ರಾ ಕಿರುಚಿಕೊಂಡಳು. ಹತ್ತಿರ ಹೋದರೆ ತೇಲಿಬಂದ ತೆಂಗಿನ ಮರ. ನಿನ್ನ ಎಚ್ಚರಿಕೆ ನೆನಪಾಗಿ ನಕ್ಕೆ.

ಕೊನೆಯ ದಿನ ದೋಣಿಯವರು ಎಂಜಿನ್ ನಿಲ್ಲಿಸಿ, ಹುಟ್ಟನ್ನು ನೀರಿಗೆ ಇಳಿಬಿಟ್ಟು, ಅದರ ಹಿಡಿಗೆ ಕಿವಿ ಇಟ್ಟು ಕೇಳು ಎಂದರು. ಕೇಳಿದೆ. ಬಹಳ ಕೆಳಗೆ, ಬಹಳ ದೂರದಲ್ಲಿ, ಏನೋ ಇತ್ತು. ತಿಮಿಂಗಿಲವೋ, ಬೇರೆ ಯಾವುದೋ ಹಡಗೋ, ನನ್ನ ಕಿವಿಯ ರಕ್ತವೋ ಗೊತ್ತಿಲ್ಲ. ಚೈತ್ರಾ ತನಗೇನೂ ಕೇಳಲಿಲ್ಲ ಎಂದಳು. ಪಕ್ಕದ ಜಾಗದಲ್ಲಿ ಚೀಲ ಇತ್ತು. ನೀನಿದ್ದಿದ್ದರೆ ಹುಟ್ಟು ಕಿತ್ತುಕೊಂಡು ಕೇಳಿ, ಹೌದೋ ಅಲ್ಲವೋ ಎಂದು ತೀರ್ಮಾನ ಹೇಳಿಬಿಡುತ್ತಿದ್ದೆ.

ಸಮುದ್ರ ಹುಳದ ಮನೆಯ ಹಾಗೆ ಸದ್ದು ಮಾಡುತ್ತದೆಯೇ ಎಂದು ನೀನು ಕೇಳುತ್ತೀಯ. ಇಡೀ ಒಂದು ಸಂಜೆ ಕಣ್ಣು ಮುಚ್ಚಿಕೊಂಡು ಕೇಳಿದ್ದೇನೆ. ಆದರೆ ಹೇಳುವುದಿಲ್ಲ.

ಏಪ್ರಿಲ್ ರಜಕ್ಕೆ ಮತ್ತೆ ಅರ್ಜಿ ಹಾಕಲೇ? ಈ ಸಲ ನಿನ್ನನ್ನು ಕೇಳಿಯೇ ಹಾಕುತ್ತೇನೆ.

ನಿನ್ನ
ಹರಿತಾ


ಮೇಲೂರು
14 ಮಾರ್ಚ್ 2025

ಹರಿತಮ್ಮನಿಗೆ,

ಸಂಕ್ರಾಂತಿಗೆ ಬಂದಾಗ ನಾನು ಹಾಕು ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನೀನು ಪೆಟ್ಟಿಗೆಯ ಬೀಗದ ಕೈ ಕೇಳಿದೆ, ಕೊಟ್ಟೆ. ಕಾರ್ಡು ಸರಿಯಾಗಿ, ಮುಖ ಮೇಲಾಗಿ ಇಟ್ಟುಹೋಗಿದ್ದೀಯ. ನೋಡಿದ್ದೇನೆ.

ನೆನ್ನೆ ಪೊಲೀಸಿನವನು ಬಂದಿದ್ದ. ಚಲಪತಿಯಲ್ಲ, ಹೊಸಬ. ಅವನಿಗೆ ಬೇರೆ ದಿನ ಸಿಗಲಿಲ್ಲ ನೋಡು, ಹುಳು ಹಣ್ಣಾಗಿ ಅರ್ಧ ಚಂದ್ರಿಕೆಗೆ ಏರಿದ್ದವು, ಅರ್ಧ ಇನ್ನೂ ಸೊಪ್ಪಿನ ತಟ್ಟೆಯಲ್ಲಿದ್ದವು. ಭಾನುಪ್ರಿಯಾ ಓಡಿಬಂದು, "ಅತ್ತೆ, ನೀವು ಒಳಗಿರಿ. ಇವತ್ತು ಬೇಡ, ನಾಳಿದ್ದು ಬಾ ಅಂತೀನಿ" ಅಂದಳು. ನಿಮ್ಮಪ್ಪನೂ ಹಾಗೇ ಅಂದ. ಈ ಮನೆಯ ಕಟ್ಟು ಅವರಿಗೂ ಗೊತ್ತು.

ನಾನು ಸೆರಗು ಸರಿಮಾಡಿಕೊಂಡು ಹೊರಗೆ ಹೋದೆ. ಮೊದಲು ನಿನ್ನ ಗುರುತಿನ ಚೀಟಿ ತೋರಿಸು ಎಂದು ಇಸಿದುಕೊಂಡು, ಫೋಟೋಗೂ ಮುಖಕ್ಕೂ ಹೋಲಿಸಿ ನೋಡಿದೆ. ಅದರಲ್ಲಿ ಅವನ ಕಿವಿ ಕಾಣುತ್ತಿರಲಿಲ್ಲ. ಆದರೂ ಒಪ್ಪಿಕೊಂಡೆ.

"ಇಲ್ಲಿ ಮುನಿಗಂಗಮ್ಮ ಅಂದ್ರೆ ಯಾರಮ್ಮಾ?" ಅಂದ.

ಹಿಂದೆ ಹುಳದ ಮನೆಯ ಬಾಗಿಲು ತೆರೆದೇ ಇತ್ತು. ನಮ್ಮತ್ತೆ ನೆನಪಾದರು.

"ನಾನೇ ಮುನಿಗಂಗಮ್ಮ" ಅಂದೆ. "ಮುನಿವೆಂಕಟಪ್ಪನ ಹೆಂಡ್ತಿ, ರಮೇಶ್‌ಬಾಬು ತಾಯಿ, ಹರಿತಾ ಅಜ್ಜಿ. ಬದುಕಿದ್ದೀನಿ. ಸರಿಯಾಗಿ ಬರ್ಕೊಳಪ್ಪ."

ಬೀದಿಯ ಆ ತುದಿಗೂ ಕೇಳಿಸಿತಂತೆ. ಅಮ್ಮಾಜಮ್ಮ ಹೇಳಿದಳು.

ಅವನು ಹೋದ ಮೇಲೆ ಒಳಗೆ ಬಂದು ಒಂದೊಂದೇ ಚಂದ್ರಿಕೆ ಬಗ್ಗಿ ನೋಡಿದೆ. ಮನೆಯವರೆಲ್ಲ ನನ್ನ ಹಿಂದೆಯೇ ಬಗ್ಗಿ ನೋಡುತ್ತಿದ್ದರು. ಹುಳುಗಳು ತಲೆ ಆಡಿಸಿಕೊಂಡು ನೂಲು ಬಿಡುತ್ತಲೇ ಇದ್ದವು. ಒಂದೂ ಕೆಳಗೆ ಬೀಳಲಿಲ್ಲ. ಇವತ್ತು ಬೆಳಿಗ್ಗೆಯೂ ನೋಡಿದೆ. ನಾಳೆಯೂ ನೋಡುತ್ತೇನೆ, ಅವುಗಳನ್ನೂ ನಂಬುವ ಹಾಗಿಲ್ಲ.

ಏಪ್ರಿಲಿಗೆ ಹುಳು ತರಬೇಡ ಎಂದು ನಿಮ್ಮಪ್ಪನಿಗೆ ನಾನೇ ಹೇಳಿದ್ದೇನೆ. ಅವನು ಈ ಸಲ ತಟ್ಟೆ ನೋಡಲಿಲ್ಲ, ನನ್ನ ಮುಖ ನೋಡಿದ.

ಸ್ವೆಟರ್ ತೋಳು ಉದ್ದ, ಮಡಚಿ ಹೊಲಿದುಕೊಂಡಿದ್ದೇನೆ. ದೋಣಿಯಲ್ಲಿ ನನ್ನ ಜಾಗದಿಂದ ಆ ಚೀಲ ತೆಗೆ.

ಸಮುದ್ರದ ಸದ್ದು ಹೇಗಿತ್ತೆಂದು ಹೇಳುವುದಿಲ್ಲ ಎಂದು ಬರೆದಿದ್ದೀಯ. ಹೇಳಬೇಡ. ಹೇಳಿದರೂ ನಾನು ನಂಬುವವಳಲ್ಲ. ನಮ್ಮತ್ತೆಯ ಮಾತನ್ನೂ ಇನ್ನು ಮೇಲೆ ಸುಮ್ಮನೆ ನಂಬುವುದಿಲ್ಲ. ನಾನೇ ಬಂದು ಕೇಳುತ್ತೇನೆ.

ಮೂರನೆಯವಳು,
ಮುನಿಗಂಗಮ್ಮ